ತೋಪು ಎಳೆದ ಎತ್ತುಗಳ ಸೀಮೆಯಲ್ಲಿ

ಯುಕ್ರೇನಿನ ಆಂಟನ್ ಪ್ತುಶ್ಕಿನ್ 2024ರಲ್ಲಿ ಒಂದು ಸಾಕ್ಷ್ಯಚಿತ್ರ ಮಾಡಿದರು: ‘ನಾವು, ನಮ್ಮ ಸಾಕುಪ್ರಾಣಿಗಳು ಮತ್ತು ಯುದ್ಧ’. ಬಾಂಬು ಬೀಳುವ ಊರಿನಿಂದ ನಾಯಿ ಬೆಕ್ಕುಗಳನ್ನು ಬಗಲಲ್ಲಿಟ್ಟುಕೊಂಡು ಹೊರಟ ಜನ, ಹಿಂದೆ ಉಳಿದವನ್ನು ಜೀವದ ಹಂಗು ತೊರೆದು ಹುಡುಕಲು ಹೋದ ಜನ ಅದರಲ್ಲಿದ್ದಾರೆ. ಇಂಥದ್ದನ್ನೆಲ್ಲ ಬೆಂಗಳೂರಿನ ಚಿತ್ರೋತ್ಸವಗಳಿಗೇ ಬಿಡಬೇಕಾಗಿಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳಲ್ಲಿ ಊರವರೇ ಸೇರಿ ತೋರಿಸಬೇಕು. ಬರುವ ಆಕ್ಷೇಪಣೆ ಗೊತ್ತು: ಕೊಬ್ಬರಿ ರೇಟು, ತೆಂಗಿನ ನುಸಿ, ಬತ್ತಿದ ಬೋರು ಇಷ್ಟೆಲ್ಲ ತಲೆಬಿಸಿ ಇರುವಾಗ ಯುಕ್ರೇನಿನ ಬೆಕ್ಕು ಕಟ್ಟಿಕೊಂಡು ನಮಗೇನಾಗಬೇಕು?

ಆಗಬೇಕಾದದ್ದು ಇದೆ. ಇದು ಯುದ್ಧಕ್ಕೆ ದನ ಒದಗಿಸಿದ ಸೀಮೆ. ತಿಪಟೂರು ತಾಲ್ಲೂಕಿನ ಕೊನೇಹಳ್ಳಿಯಲ್ಲಿ ಅಮೃತಮಹಲ್ ತಳಿಯನ್ನು ಇವತ್ತಿಗೂ ಸಾಕುತ್ತಾರೆ. ಹಳ್ಳಿಕಾರ್ ಮತ್ತು ಚಿತ್ರದುರ್ಗದ ದನಗಳ ಜೊತೆಗೆ ಹಾಗಲವಾಡಿಯ ದನವೂ ಆ ತಳಿಗೆ ಮೂಲ. ಚಿಕ್ಕನಾಯಕನಹಳ್ಳಿಗೆ ಹೆಸರು ಬಂದದ್ದೂ ಹಾಗಲವಾಡಿಯ ಪಾಳೆಯಗಾರನಿಂದಲೇ. ಹೈದರ್ ಅಲಿ ಚಿದಂಬರದ ನೆರವಿಗೆ ಧಾವಿಸಿದಾಗ ಈ ಎತ್ತುಗಳು ಎರಡೂವರೆ ದಿನಕ್ಕೆ ನೂರು ಮೈಲಿ ನಡೆದವಂತೆ. ದನದ ಜಾತ್ರೆಯಲ್ಲಿ ಯಾರನ್ನು ಕೇಳಿದರೂ ಎದೆಯುಬ್ಬಿಸಿ ಹೇಳುವ ಮಾತು ಇದು.

ನನ್ನ ತಕರಾರು ಆ ಹೆಮ್ಮೆಯ ಬಗ್ಗೆ. ನೂರು ಮೈಲಿ ಎಂದು ಬರೆದಿಟ್ಟವರು ದಂಡಿನವರು. ನಡೆದ ಎತ್ತುಗಳಲ್ಲಿ ಎಷ್ಟು ಮರಳಿ ಬಂದವು, ದಾರಿಯ ಊರುಗಳ ಹುಲ್ಲುಮೆದೆಗಳು ಏನಾದವು ಎಂಬುದು ಅವರಿಗೆ ಬೇಕಾದ ಲೆಕ್ಕವಲ್ಲ. ನಾವು ಮಾತ್ರ ಅದನ್ನೇ ನಮ್ಮ ಚರಿತ್ರೆ ಎಂದು ಒಪ್ಪಿಕೊಂಡು ಕೂತಿದ್ದೇವೆ. 1791ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಹೊಸ್ತಿಲವರೆಗೆ ಬಂದ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ ತನ್ನ ದೊಡ್ಡ ತೋಪುಗಳನ್ನು ತಾನೇ ಒಡೆದು ಹಿಂದಿರುಗಿದ. ಎಳೆಯುವ ಎತ್ತುಗಳು ರೋಗ, ಹಸಿವಿನಿಂದ ಸಾಲುಸಾಲಾಗಿ ಸತ್ತಿದ್ದವು. ಪಠ್ಯಪುಸ್ತಕದಲ್ಲಿ ಅದು ಸೇನೆಯ ಹಿನ್ನಡೆ, ಅಷ್ಟೆ. ಅದೇ ವರ್ಷ ಅವನನ್ನು ಕೂಡಿಕೊಳ್ಳಲು ಹೊರಟ ಮರಾಠಾ ದಂಡು ಚಿಕ್ಕನಾಯಕನಹಳ್ಳಿಯನ್ನು ಕೊಳ್ಳೆ ಹೊಡೆಯಿತು. 1800ರಲ್ಲಿ ಆ ಊರು ನೋಡಿದ ಪ್ರವಾಸಿ ಫ್ರಾನ್ಸಿಸ್ ಬುಕಾನನ್‌ಗೆ ಕಂಡದ್ದು ಪಾಳುಬಿದ್ದ ಮನೆಗಳು. ತೆಂಗು ಅಡಕೆ ತೋಟಗಳ ನಡುವಿನ, ವ್ಯಾಪಾರದಿಂದ ಬದುಕುತ್ತಿದ್ದ ಊರು. ಯಾರ ಯುದ್ಧವನ್ನೂ ಅದು ಹೂಡಿರಲಿಲ್ಲ. ಅಂಗಡಿ ಮುಚ್ಚಿದವರು, ಎಮ್ಮೆ ಹೊಡೆದುಕೊಂಡು ಕಾಡು ಸೇರಿದವರು ಇದ್ದಿರಲೇಬೇಕು. ಒಬ್ಬರ ಹೆಸರೂ ನಮಗೆ ಬಾಯಿಗೆ ಬಾರದು. ಸರದಾರರ ಹೆಸರುಗಳು ಬರುತ್ತವೆ.

1799ರಲ್ಲಿ ಅಮೃತಮಹಲ್ ಮಂದೆ ಬ್ರಿಟಿಷರ ಕೈಗೆ ಹೋಯಿತು. 1860ರಲ್ಲಿ ಖರ್ಚು ಜಾಸ್ತಿಯೆಂದು ಮದರಾಸು ಸರ್ಕಾರ ಮಾರಿಬಿಟ್ಟಿತು, ಕೆಲವೇ ವರ್ಷಗಳಲ್ಲಿ ಎತ್ತು ಸಾಲದೆ ಮತ್ತೆ ಕೂಡಿಸಲು ಹೊರಟಿತು. ಇಷ್ಟರಲ್ಲೆಲ್ಲ ಅಮೃತಮಹಲ್ ಕಾವಲುಗಳೆಂಬ ಮೇವಿನ ಬಯಲುಗಳ ಹುಲ್ಲು ಸರ್ಕಾರದ ಮಂದೆಗೆ ಮೀಸಲು. ಪಕ್ಕದ ಹಳ್ಳಿಯ ದನ ಒಳಗೆ ಕಾಲಿಟ್ಟರೆ ದಂಡ. ಯುದ್ಧವಿಲ್ಲದ ವರ್ಷದಲ್ಲೂ ರೈತ ಯುದ್ಧಕ್ಕೆ ಕಟ್ಟಿದ ಕಂದಾಯ ಅದು ಎನ್ನುತ್ತೇನೆ ನಾನು. (ಗುಬ್ಬಿಯ ಬಿದರೆಹಳ್ಳ ಕಾವಲಿನಲ್ಲಿ 2023ರಿಂದ ಎಚ್‌ಎಎಲ್‌ನ 615 ಎಕರೆ ಹೆಲಿಕಾಪ್ಟರ್ ಕಾರ್ಖಾನೆ ಇದೆ. ಬೇಡ ಎನ್ನಲಾರೆ, ನಮ್ಮ ಹುಡುಗರಿಗೆ ಕೆಲಸ ಬೇಕು. ಎತ್ತು ಹೋಗಿ ರೆಕ್ಕೆ ಬಂತು ಎಂದು ಗೊತ್ತಿದ್ದರೆ ಸಾಕು.)

ಆದ್ದರಿಂದ ಯುಕ್ರೇನಿನ ಚಿತ್ರದ ಜೊತೆಗೆ ಕೊನೇಹಳ್ಳಿಯ ಮಂದೆಯನ್ನೂ ಚಿತ್ರಿಸಿ ತೋರಿಸಲಿ. ಮೊಬೈಲಿನಲ್ಲಿ ತೆಗೆದ ಹತ್ತು ನಿಮಿಷವಾದರೂ ನಡೆದೀತು. ದನ ನೋಡಿಕೊಳ್ಳುವವರು ಮಾತಾಡಲಿ, ಸೈನ್ಯದಲ್ಲಿದ್ದು ಬಂದವರು ಮಾತಾಡಲಿ. ಪ್ರಾಸ್ತಾವಿಕ ನುಡಿ, ಹಾರ, ಶಾಲು ಖಂಡಿತ ಬೇಡ. ಇಂಗ್ಲಿಷ್ ಉಪಶೀರ್ಷಿಕೆ ಇದ್ದರೆ ಮೇಷ್ಟ್ರೊಬ್ಬರು ಮೈಕು ಹಿಡಿದು ಕನ್ನಡದಲ್ಲಿ ಹೇಳುತ್ತ ಹೋಗಲಿ. ಹೊತ್ತು ಮಾತ್ರ ರಾತ್ರಿ ಏಳೂವರೆಯ ಮೇಲಿರಲಿ. ಡೇರಿಗೆ ಹಾಲು ಹಾಕದೆ ಹೆಂಗಸರು ಯಾರೂ ಬರಲಾರರು, ಅವರಿಲ್ಲದೆ ಈ ಚಿತ್ರ ತೋರಿಸಿ ಪ್ರಯೋಜನವಿಲ್ಲ.