ಒಂದು ವರ್ಷದ ಪದವಿಗೆ ಮನೆಯ ಅಡಮಾನ

ಹೊರನಾಡಿನ ನಮ್ಮ ಮನೆಗಳ ಮಕ್ಕಳು ಎಲ್‌ಎಲ್.ಎಂ. ವ್ಯಾಸಂಗಕ್ಕೆ ವಿದೇಶಕ್ಕೆ ಹೊರಟರೆ ಸಮಾಜದ ಸನ್ಮಾನ ತಪ್ಪದು. ಶಾಲು ಹೊದಿಸುವ ಮಹನೀಯರು ಶುಲ್ಕದ ಹಣ ಎಲ್ಲಿಂದ ಬಂತೆಂದು ಮಾತ್ರ ಕೇಳುವುದಿಲ್ಲ.

ಅಮೆರಿಕದ ಹೆಸರಾಂತ ಕಾನೂನು ಶಾಲೆಗಳಲ್ಲಿ ಒಂದು ವರ್ಷದ ಬೋಧನಾ ಶುಲ್ಕವೇ 70 ಸಾವಿರ ಡಾಲರನ್ನು ಮೀರಿದೆ. ಊಟ, ವಸತಿ ಬೇರೆ. ನಮ್ಮ ಬ್ಯಾಂಕುಗಳು 7.5 ಲಕ್ಷ ರೂಪಾಯಿ ಮೀರಿದ ಶಿಕ್ಷಣ ಸಾಲಕ್ಕೆ ಸಾಮಾನ್ಯವಾಗಿ ಆಸ್ತಿಯ ಆಧಾರ ಬೇಡುತ್ತವೆ. ಹೀಗೆ ಮನೆಪತ್ರ ಬ್ಯಾಂಕು ಸೇರುತ್ತದೆ. ಓದಿನ ಬಳಿಕ ಅಲ್ಲಿ ದುಡಿಯಲು ವಿದ್ಯಾರ್ಥಿ ವೀಸಾ ಕೊಡುವ ಅವಕಾಶ 12 ತಿಂಗಳು. ವಿಜ್ಞಾನ, ತಂತ್ರಜ್ಞಾನದವರಿಗಿರುವ 24 ತಿಂಗಳ ವಿಸ್ತರಣೆ ಕಾನೂನಿನವರಿಗಿಲ್ಲ. ಪದವಿಯೊಂದರಿಂದಲೇ ಅಲ್ಲಿ ವಕೀಲಿಕೆಯೂ ದೊರೆಯದು, ಬಾರ್ ಪರೀಕ್ಷೆ ಗೆಲ್ಲಬೇಕು. ಎಂಜಿನಿಯರ್ ಮಗನ ಸಾಲ ತೀರಿದ ಕಥೆ ಹೇಳಿ ವಕೀಲೆ ಮಗಳನ್ನು ಸಾಲಕ್ಕೆ ದೂಡುವ ಬಂಧುಗಳು ಇದನ್ನು ಅರಿಯಲಿ.

ಜೈನರು 2014ರ ಜನವರಿಯಲ್ಲಿ ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತರೆಂದು ಘೋಷಿತರಾದರು. ಅಲ್ಪಸಂಖ್ಯಾತರಿಗಿದ್ದ ‘ಪಢೋ ಪರದೇಶ್’ ಯೋಜನೆಯಲ್ಲಿ, ವಾರ್ಷಿಕ ವರಮಾನ 6 ಲಕ್ಷ ಮೀರದ ಕುಟುಂಬದವರ ವಿದೇಶ ವ್ಯಾಸಂಗದ ಸಾಲಕ್ಕೆ ಓದುವ ಅವಧಿಯ ಬಡ್ಡಿಯನ್ನು ಕೇಂದ್ರವೇ ಭರಿಸುತ್ತಿತ್ತು. 2022-23ರಿಂದ ಅದನ್ನು ನಿಲ್ಲಿಸಲಾಯಿತು. ಸುದ್ದಿ ಹೊರಬಿದ್ದ ಚಳಿಗಾಲದಲ್ಲೇ ನಾವು ಸಮ್ಮೇದ ಶಿಖರ್ಜಿಗಾಗಿ ಮುಂಬಯಿ, ದೆಹಲಿಯ ಬೀದಿಗಿಳಿದೆವು. ಇಳಿದದ್ದು ಸರಿಯೇ. ಆದರೆ ಆ ಸಾವಿರಾರು ಕಂಠಗಳಲ್ಲಿ ಬಡ್ಡಿ ಸಹಾಯಧನದ ಮಾತು ಕೇಳಿಸಲಿಲ್ಲ. ಬಡ ಜೈನನೂ ಇದ್ದಾನೆಂದು ಒಪ್ಪಿಕೊಳ್ಳಲು ನಮ್ಮ ಮುಖಂಡರಿಗೆ ನಾಚಿಕೆಯೇ?

ಬೇರೆ ಯೋಜನೆಗಳಿವೆಯಲ್ಲ ಎನ್ನುವವರುಂಟು. 2024ರ ಪಿ.ಎಂ. ವಿದ್ಯಾಲಕ್ಷ್ಮಿ ದೇಶದೊಳಗಿನ ಸಂಸ್ಥೆಗಳಿಗಷ್ಟೇ. ಆದಾಯ ತೆರಿಗೆಯ 80ಇ ವಿನಾಯಿತಿ ಕೇವಲ ಬಡ್ಡಿಗೆ, ಅದೂ ಹಳೆಯ ತೆರಿಗೆ ಪದ್ಧತಿಯಲ್ಲಿ. ತೆರಿಗೆ ಕಟ್ಟುವಷ್ಟು ವರಮಾನವಿಲ್ಲದವನಿಗೆ ಅದರಿಂದೇನು? ಬ್ರಿಟನ್ನಿನ ಚೀವ್ನಿಂಗ್ ಪೂರ್ಣ ವೆಚ್ಚ ಕೊಡುತ್ತದೆ, ನಿಜ. ಆದರೆ ಎರಡು ವರ್ಷದ ಕೆಲಸದ ಅನುಭವ ಬೇಕು, ಪೈಪೋಟಿಯೂ ಕಠಿಣ.

ಸರ್ಕಾರವನ್ನು ಕೇಳೋಣ, ಕೇಳಲೇಬೇಕು. ಜೊತೆಗೆ ಮುಂಬಯಿಯವರು ತಮ್ಮ ನಗರದಲ್ಲೇ ಇರುವ ಜೆ.ಎನ್. ಟಾಟಾ ದತ್ತಿಯನ್ನೂ ನೋಡಲಿ. 1892ರಲ್ಲಿ ಸ್ಥಾಪಿತವಾದ ಅದು ಕೊಡುವುದು ಸಾಲರೂಪದ ವಿದ್ಯಾರ್ಥಿವೇತನ. ಒಬ್ಬರು ಹಿಂತಿರುಗಿಸಿದ್ದು ಮತ್ತೊಬ್ಬರ ಪ್ರಯಾಣಕ್ಕಾಗುತ್ತದೆ. ಠೇವಣಿಯಿಟ್ಟು ಕುಳಿತ ನಮ್ಮ ಟ್ರಸ್ಟುಗಳಿಗೆ ಇದು ಅಸಾಧ್ಯವೇನಲ್ಲ. ಈ ಬಾರಿಯ ವಾರ್ಷಿಕ ಸಭೆಯಲ್ಲಿ ಲೆಕ್ಕಪತ್ರ ಓದುವಾಗ ಸದಸ್ಯರೊಬ್ಬರು ಎದ್ದುನಿಂತು ಕೇಳಲಿ: ಈ ಠೇವಣಿಯಲ್ಲಿ ವಿದ್ಯಾರ್ಥಿಗಳಿಗೆ ಅಡಮಾನವಿಲ್ಲದೆ ಸಾಲ ಕೊಡಲು ಎಷ್ಟನ್ನು ತೆಗೆದಿಡುವಿರಿ?