ಕಲಿಕೆಯ ವರ್ಷವೂ ಕಾಯಕದ ಋಣವೂ

ಡಿಪ್ಲೊಮಾ ಮುಗಿಸಿದ ವಿದ್ಯಾರ್ಥಿಯೊಬ್ಬನು ಒಂದು ವರ್ಷದ ತರಬೇತಿಗೆಂದು ಕಚೇರಿಯ ಮೆಟ್ಟಿಲೇರುತ್ತಾನೆ. ಮೊದಲ ವಾರ ಕಾಗದಗಳ ಜೆರಾಕ್ಸ್ ಮಾಡಿಸುವುದು, ಚಹಾ ತರುವುದು. ವರ್ಷಾಂತ್ಯದಲ್ಲಿಯೂ ಅದೇ ಕೆಲಸ. ಕೊನೆಗೆ ಕೈಯಲ್ಲಿ ಪ್ರಮಾಣಪತ್ರವಿರುತ್ತದೆ, ವಿದ್ಯೆಯಿರುವುದಿಲ್ಲ.

1961ರ ಅಪ್ರೆಂಟಿಸ್ ಕಾಯ್ದೆಯು ಇಂಥವನನ್ನು ಕಾರ್ಮಿಕನೆಂದಲ್ಲ, ಕಲಿಯುವವನೆಂದೇ ಪರಿಗಣಿಸುತ್ತದೆ. ಅವನಿಗೆ ಸಲ್ಲುವುದು ಸಂಬಳವಲ್ಲ, ಶಿಷ್ಯವೇತನ. ಉಳಿದುದು ವಿದ್ಯೆಯ ರೂಪದಲ್ಲಿ ದೊರೆಯುವುದೆಂಬ ನಂಬಿಕೆಯಿಂದಲೇ ಅವನು ಅಲ್ಪ ಹಣಕ್ಕೆ ದುಡಿಯುತ್ತಾನೆ.

ಚಹಾ ತರುವುದೂ ಕಾಯಕವಲ್ಲವೇ ಎಂದು ಕೆಲವರು ಕೇಳುವುದುಂಟು. ಕಾಯಕದಲ್ಲಿ ಮೇಲುಕೀಳಿಲ್ಲವೆಂಬುದು ದಿಟ. ಆದರೆ ಶರಣರ ಆ ಮಾತು ಕಲಿಸದವರಿಗೆ ನೆಪವಾಗಬಾರದು. ಆಯ್ದಕ್ಕಿ ಮಾರಯ್ಯನು ಒಮ್ಮೆ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಅದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದವಳು ಲಕ್ಕಮ್ಮ. ತನಗೆ ಸಲ್ಲದುದು ಕಾಯಕವನ್ನೇ ಕೆಡಿಸುತ್ತದೆಂಬುದನ್ನು ಆ ತಾಯಿ ಅರಿತಿದ್ದಳು. ಕಲಿಸದೆ ಪಡೆದ ದುಡಿಮೆಯೂ ಅಂಥ ಸಲ್ಲದ ಅಕ್ಕಿಯೇ.

ವಿದ್ಯಾರ್ಥಿಯೂ ಸಂಕೋಚ ಬಿಟ್ಟು ಕೇಳಿ ಕಲಿಯಬೇಕು. ಆದರೆ ಮೊದಲ ಹೊಣೆ ಹಿರಿಯರದು. ದಿನಕ್ಕೊಂದು ಕಡತವನ್ನು ಅವನ ಮುಂದೆ ತೆರೆದು, ಇದು ಹೀಗೇಕೆ ಎಂದು ತಿಳಿಸಿದರೆ ಆ ಋಣ ತೀರುತ್ತ ಬರುತ್ತದೆ. ಕಚೇರಿಯಲ್ಲಿ ನಡೆಯಬಹುದಾದ ಜ್ಞಾನದಾಸೋಹವೆಂದರೆ ಅದೇ.