‘ಬೈಸಿಕಲ್ ಥೀವ್ಸ್’ ಕಲಿಸುವ ನೀತಿ

ಚಲನಚಿತ್ರವೆಂದೊಡನೆ ಮೂಗು ಮುರಿಯುವ ಹಿರಿಯರು ನಮ್ಮಲ್ಲುಂಟು. ಆದರೆ ಸಿದ್ದಾಪುರದ ನೆರೆಯ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಕೆ. ವಿ. ಸುಬ್ಬಣ್ಣನವರು 1970ರ ದಶಕದಲ್ಲಿಯೇ ಹಳ್ಳಿಗರಿಗೆ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ತೋರಿಸಿದರು.

ಇಟಲಿಯ ಡಿ ಸಿಕಾ 1948ರಲ್ಲಿ ನಿರ್ಮಿಸಿದ ‘ಬೈಸಿಕಲ್ ಥೀವ್ಸ್’ ಅಂಥದೊಂದು ಸರಳ ಚಿತ್ರ. ಭಿತ್ತಿಪತ್ರ ಅಂಟಿಸುವ ಬಡವನ ಸೈಕಲ್ ಕಳುವಾಗುತ್ತದೆ. ಸೈಕಲ್ ಹೋದರೆ ಅವನ ಕಾಯಕವೇ ಹೋದಂತೆ. ಕೊನೆಗೆ ತಾನೇ ಕದಿಯಹೋಗಿ ಸಿಕ್ಕಿಬೀಳುತ್ತಾನೆ. ಅಳುವ ಮಗನನ್ನು ಕಂಡು ಸೈಕಲ್ಲಿನ ಒಡೆಯ ಅವನನ್ನು ಬಿಟ್ಟುಬಿಡುತ್ತಾನೆ. ಮಗ ತಂದೆಯ ಕೈ ಹಿಡಿಯುತ್ತಾನೆ.

ಕಳವು ತಪ್ಪೇ ಸರಿ. ತಪ್ಪಿದವನನ್ನು ಕೈಬಿಡುವುದು ಇನ್ನೂ ದೊಡ್ಡ ತಪ್ಪು. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಶಾಲೆಗಳು ವರ್ಷಕ್ಕೊಮ್ಮೆಯಾದರೂ ಇಂಥ ಚಿತ್ರವನ್ನು ಮಕ್ಕಳಿಗೆ ತೋರಿಸಲಿ. ಶಿಕ್ಷಕರಾದ ನಾವೂ ಜೊತೆಗೆ ಕುಳಿತು ನೋಡೋಣ. ತಪ್ಪಿದ ಹುಡುಗನನ್ನು ದಂಡಿಸುವ ಮುನ್ನ ಅವನ ಮನೆಯ ಬಡತನ ನಮ್ಮ ಕಣ್ಣಿಗೆ ಬಿದ್ದೀತು.